ಜೀರುಂಡೆ ಸದ್ದಿಗೂ ತಪ್ಪುವ ಲೆಕ್ಕಕ್ಕೂ ಇರುವ ನಂಟು

ಅಕ್ಕಿ ಗಿರಣಿಯಲ್ಲಿ 20 ವರ್ಷ ದುಡಿದ ಮೇಲೆ ಕಿವಿಯಲ್ಲಿ ಜೀರುಂಡೆ ಸದ್ದು, ಲೆಕ್ಕ ಬರೆಯುವಾಗ ತಪ್ಪು, ಸುಮ್ನೆ ಸಿಟ್ಟು. ಮೆದುಳಿಗೆ ಏನಾದರೂ ಆಯಿತಾ ಅಂತ ಮಂಡ್ಯದಿಂದ ಕೇಳಿದ್ದೀರಿ. ನನಗೂ ಈ ಕಾಟ ಇದೆ. ಕಿವಿಯ ಈ ಸದ್ದು ಮರೆವಿನ ಕಾಯಿಲೆಯ ಗುರುತಲ್ಲ, ಮೊದಲು ಆ ಭಯ ಬಿಡಿ.

ಜೋರು ಸದ್ದಿಗೆ ಒಳಕಿವಿಯ ಸೂಕ್ಷ್ಮ ಕೂದಲಿನಂಥ ಕೋಶಗಳು ಸಾಯುತ್ತವೆ. ಅಲ್ಲಿಂದ ಬರುವ ಸಂಕೇತ ಕಡಿಮೆಯಾದಾಗ ಮೆದುಳು ತನ್ನ ವಾಲ್ಯೂಮ್ ಏರಿಸುತ್ತದೆ. ಸ್ಟೇಷನ್ ಸಿಗದ ರೇಡಿಯೋ ಗೊರಗುಟ್ಟುತ್ತದಲ್ಲ, ಹಾಗೆ. 1953ರಲ್ಲಿ ಕಿವಿ ಚೆನ್ನಾಗಿದ್ದ 80 ಜನರನ್ನು ಸದ್ದಿಲ್ಲದ ಕೋಣೆಯಲ್ಲಿ ಕೂರಿಸಿದಾಗ ಬಹುತೇಕ ಎಲ್ಲರಿಗೂ ಏನೋ ಒಂದು ಸದ್ದು ಕೇಳಿಸಿತ್ತು! ಅವರಿಗದು ಕಾಟವಾಗಲಿಲ್ಲ, ನಮಗೆ ಯಾಕೆ? ಮೆದುಳಿನಲ್ಲಿ ಭಯ ನೋಡಿಕೊಳ್ಳುವ ಅಮಿಗ್ಡಲಾ ಆ ಸದ್ದನ್ನು ಅಪಾಯ ಅಂದುಕೊಂಡರೆ ಗಮನವೆಲ್ಲ ಅತ್ತಲೇ ಹೋಗುತ್ತದೆ. ಲೆಕ್ಕಕ್ಕೆ ಉಳಿಯುವುದು ಅರೆಮನಸ್ಸು. ನಿದ್ದೆಗೆಟ್ಟರೆ ಇನ್ನೂ ಜಾಸ್ತಿ.

ನನಗೆ ಕೈ ಹಿಡಿದದ್ದು ರಾತ್ರಿ ಸಣ್ಣಗೆ ಫ್ಯಾನ್ ಸದ್ದು. ಪೂರ್ತಿ ಮೌನ ನಮ್ಮಂಥವರಿಗೆ ಆಗಿಬರುವುದಿಲ್ಲ. ಕಾಗ್ನಿಟಿವ್ ಬಿಹೇವಿಯರ್ ಥೆರಪಿ, ಅಂದರೆ ಯೋಚಿಸುವ, ವರ್ತಿಸುವ ರೀತಿ ಬದಲಿಸಲು ಕಲಿಸುವ ಮಾತಿನ ಚಿಕಿತ್ಸೆ, ಸದ್ದನ್ನು ನಿಲ್ಲಿಸುವುದಿಲ್ಲ, ಕಿರಿಕಿರಿ ತಗ್ಗಿಸುತ್ತದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಒಮ್ಮೆ ಶ್ರವಣ ಪರೀಕ್ಷೆ ಮಾಡಿಸಿ. ಮಂಡ್ಯದಿಂದ ಏನು ದೂರ, ಅಲ್ವಾ?

ಸದ್ದು ಒಂದೇ ಕಿವಿಯಲ್ಲಿದ್ದರೆ ಅಥವಾ ನಾಡಿ ಬಡಿದಂತೆ ಕೇಳಿಸಿದರೆ ಡಾಕ್ಟರಿಗೆ ಹೇಳಲೇಬೇಕು. ಇದ್ದಕ್ಕಿದ್ದಂತೆ ಕಿವಿ ಮಂದವಾದರೆ ಅವತ್ತೇ ಹೊರಡಿ.