ಕುಕಿ, ಫಾರ್ಮ್ ಎಲ್ಲ ವೆಬ್ ಜೊತೆಗೇ ಹುಟ್ಟಿದವಾ?
ಹಾಸನದಲ್ಲಿ ವೆಬ್ ಡೆವಲಪ್‌ಮೆಂಟ್ ಕಲಿಯುತ್ತಾ ಈ ಪ್ರಶ್ನೆ ಕೇಳಿದ್ದೀರಿ. ಇಲ್ಲ, ಕುಕಿ ಅನ್ನೋ ಹೆಸರು ಕೂಡ ಹಳೆಯದೇ.

ಬ್ರೌಸರ್ ಮತ್ತು ಸರ್ವರ್ ಮಾತಾಡುವ ನಿಯಮವಾದ ಎಚ್‌ಟಿಟಿಪಿಗೆ ಮರೆವು ಜಾಸ್ತಿ. ಒಂದು ಪುಟ ಕಳಿಸಿದ ಮೇಲೆ ನೀವು ಯಾರೆಂದೇ ಅದಕ್ಕೆ ನೆನಪಿರುವುದಿಲ್ಲ. ಅದಕ್ಕೇ 1994ರಲ್ಲಿ ಬ್ರೌಸರ್ ಕಂಪನಿ ನೆಟ್‌ಸ್ಕೇಪ್‌ನ ಲೂ ಮಾಂಟುಲಿ ಕುಕಿಯನ್ನು, ಅಂದರೆ ಸೈಟ್ ನಿಮ್ಮ ಬ್ರೌಸರ್‌ಗೆ ಕೊಟ್ಟು ಮತ್ತೆ ಕೇಳಿ ಪಡೆಯುವ ಸಣ್ಣ ಗುರುತನ್ನು, ತಂದರು. ಇಂಥದ್ದಕ್ಕೆ ಯೂನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಬಳಸುವವರು ಆಗಲೇ ‘ಮ್ಯಾಜಿಕ್ ಕುಕಿ’ ಎನ್ನುತ್ತಿದ್ದರು. ಪ್ರೋಗ್ರಾಂ ಕೊಟ್ಟ ಗುರುತನ್ನು ಒಳಗೇನಿದೆ ಎಂದು ನೋಡದೆ ಹಾಗೇ ವಾಪಸ್ ಕೊಡುವುದು, ಅಷ್ಟೇ. ಬಸ್ ಸ್ಟ್ಯಾಂಡ್ ಹತ್ತಿರ ಬೈಕ್ ನಿಲ್ಲಿಸಿದರೆ ಚೀಟಿ ಕೊಡುತ್ತಾರಲ್ಲ, ಅದೇ ಲೆಕ್ಕ. ಕಾಯುವವನಿಗೆ ನಿಮ್ಮ ಮುಖ ನೆನಪಿರಬೇಕಿಲ್ಲ, ನಂಬರ್ ಸಾಕು.

ಫಾರ್ಮ್ ಇನ್ನೂ ಹಳೆಯದು. 1971ರ ಐಬಿಎಂ 3270 ಟರ್ಮಿನಲ್‌ನಲ್ಲೂ (ಪರದೆ, ಕೀಬೋರ್ಡ್ ಇರುವ ಯಂತ್ರ) ಖಾಲಿ ಜಾಗ ತುಂಬಿ ಎಂಟರ್ ಒತ್ತಿದ ಮೇಲೇ ಎಲ್ಲ ಒಟ್ಟಿಗೆ ಮೇನ್‌ಫ್ರೇಮ್‌ಗೆ, ಅಂದರೆ ದೊಡ್ಡ ಕೇಂದ್ರ ಕಂಪ್ಯೂಟರ್‌ಗೆ, ಹೋಗುತ್ತಿತ್ತು. ಸಬ್ಮಿಟ್ ಬಟನ್ ಮಾಡುವುದೂ ಅದನ್ನೇ ಅಲ್ವಾ?