ಕಾಂಟೆಂಟ್-ಟೈಪ್ ಹೆಡರ್ ಅನ್ನು ಸೆಮಿಕೋಲನ್‌ನಲ್ಲಿ ಕತ್ತರಿಸಿದರೆ ಸಾಕೆ?

ನಿಮ್ಮ ಸಮಸ್ಯೆ ನನಗೆ ಅರ್ಥವಾದದ್ದು ಹೀಗೆ: ಪೈಥಾನ್‌ನಲ್ಲಿ ಬರೆದ ಸರ್ವರ್‌ನಲ್ಲಿ ಬಂದ ಮಾಹಿತಿ ಯಾವ ಬಗೆಯದೆಂದು ಹೇಳುವ ಕಾಂಟೆಂಟ್-ಟೈಪ್ ಹೆಡರ್ ‘ಅಪ್ಲಿಕೇಶನ್/ಜೇಸನ್’ಗೆ ಸರಿಸಮವೇ ಎಂದು ನೋಡುತ್ತಿದ್ದೀರಿ. ಕೆಲವು ಕ್ಲೈಂಟ್‌ಗಳು ಅದಕ್ಕೆ ‘; ಚಾರ್‌ಸೆಟ್=ಯುಟಿಎಫ್-8’ ಎಂಬ ಬಾಲ (ಅಕ್ಷರಗಳನ್ನು ಬೈಟ್‌ಗಳಾಗಿಸಿದ ಕ್ರಮದ ಹೆಸರು) ಹಚ್ಚಿ ಕಳಿಸುವುದರಿಂದ ಅವಕ್ಕೆ 415 (ಈ ಬಗೆಯನ್ನು ಒಪ್ಪುವುದಿಲ್ಲ ಎಂಬ ಉತ್ತರ) ಹೋಗುತ್ತಿದೆ. ಸೆಮಿಕೋಲನ್‌ನಲ್ಲಿ ಕತ್ತರಿಸಿ ಮೊದಲ ತುಂಡನ್ನು ನೋಡಿದರೆ ಸಾಕೇ ಎಂಬುದು ಪ್ರಶ್ನೆ.

ಬಂದದ್ದು ಜೇಸನ್ ಹೌದೋ ಅಲ್ಲವೋ ಎಂದಷ್ಟೇ ತಿಳಿಯಬೇಕಿದ್ದರೆ ಸಾಕು. ಕತ್ತರಿಸಿ, ಅಕ್ಕಪಕ್ಕದ ಖಾಲಿ ಜಾಗ ತೆಗೆದು, ಸಣ್ಣಕ್ಷರಕ್ಕೆ ಇಳಿಸಿ ಹೋಲಿಸಿ. ಜೇಸನ್‌ಗೆ ಚಾರ್‌ಸೆಟ್ ಎಂಬ ಪ್ಯಾರಾಮೀಟರೇ (ಸೆಮಿಕೋಲನ್ ನಂತರದ ಹೆಚ್ಚುವರಿ ವಿವರ) ಇಲ್ಲವೆಂದು ಅದರ ಅಧಿಕೃತ ನಿಯಮಪತ್ರ ಆರ್‌ಎಫ್‌ಸಿ 8259 ಹೇಳುವುದರಿಂದ ಆ ಬಾಲವನ್ನು ಬಿಟ್ಟರೆ ನಷ್ಟವಿಲ್ಲ. ಆದರೆ ಸಾಲಿನಲ್ಲಿ ಎಲ್ಲಾದರೂ ಆ ಪದ ಇದೆಯೇ ಎಂದು ಹುಡುಕುವ ಅಡ್ಡದಾರಿ ಹಿಡಿಯಬೇಡಿ. ‘ಟೆಕ್ಸ್ಟ್/ಪ್ಲೇನ್; ಅಪ್ಲಿಕೇಶನ್/ಜೇಸನ್’ ಎಂದು ಬರೆದರೆ ಬ್ರೌಸರ್ ಅದನ್ನು ಬರೀ ಟೆಕ್ಸ್ಟ್ ಎಂದು ಬಗೆದು, ಬೇರೆ ತಾಣದಿಂದಲೂ ಪೂರ್ವಾನುಮತಿ ಕೇಳದೆ ಕಳಿಸುತ್ತದೆ, ನಿಮ್ಮ ಸರ್ವರ್ ಮಾತ್ರ ಜೇಸನ್ ಎಂದು ನಂಬಿ ಬಾಗಿಲು ತೆರೆಯುತ್ತದೆ.

ಕತ್ತರಿ ಕೈಕೊಡುವುದು ಪ್ಯಾರಾಮೀಟರ್ ಬೇಕಾದಾಗ. ಇದಕ್ಕೆ ನಾನೇ ದಂಡ ತೆತ್ತಿದ್ದೇನೆ. ಹೆಸರುಗಳ ಸಿಎಸ್‌ವಿ ಕಡತ ಸ್ವೀಕರಿಸುವ ಒಂದು ಸಣ್ಣ ಸೇವೆ ಬರೆದಿದ್ದೆ. ಒಂದು ಕ್ಲೈಂಟ್ ಯುಟಿಎಫ್-8 ಎಂಬುದನ್ನು ಉದ್ಧರಣ ಚಿಹ್ನೆಗಳ ನಡುವೆ ಕಳಿಸುತ್ತಿತ್ತು. ನಿಯಮದ ಪ್ರಕಾರ ಅದು ಪೂರ್ತಿ ಸರಿ. ನನ್ನ ಕೋಡ್ ಚಿಹ್ನೆಗಳ ಸಮೇತ ಹೋಲಿಸಿ, ಗುರುತು ಸಿಗದೆ, ಹಳೆಯ ಲ್ಯಾಟಿನ್-1ಕ್ಕೆ ಜಾರುತ್ತಿತ್ತು. (1999ರ ಆರ್‌ಎಫ್‌ಸಿ 2616ರಲ್ಲಿ ಟೆಕ್ಸ್ಟ್‌ಗೆ ಅದೇ ಪೂರ್ವನಿಯೋಜಿತ; 2014ರಲ್ಲಿ ಆ ಮಾತನ್ನು ತೆಗೆದುಹಾಕಿದರು, ನಾನು ಓದಿರಲಿಲ್ಲ.) ಲ್ಯಾಟಿನ್-1 ಯಾವ ಬೈಟನ್ನೂ ತಿರಸ್ಕರಿಸುವುದಿಲ್ಲ, ಆದ್ದರಿಂದ ಲಾಗ್‌ನಲ್ಲಿ ಒಂದು ದೋಷವೂ ಇಲ್ಲ. ಯುಟಿಎಫ್-8ರಲ್ಲಿ ‘ಕಮಲ’ ಅಂದರೆ 9 ಬೈಟ್. ಡೇಟಾಬೇಸ್‌ಗೆ ಹೋದದ್ದು 9 ಬಿಡಿ ಗುರುತುಗಳು. ಪ್ರತಿ ಅಕ್ಷರದ ಜಾಗದಲ್ಲೂ ತಲೆಯ ಮೇಲೆ ಗೀಟಿರುವ ಲ್ಯಾಟಿನ್ ಎ, ಅದರ ಪಕ್ಕ ಮೇಲಕ್ಕೇರಿದ ಪುಟ್ಟ 2. ಆ ಜೋಡಿ ಕಂಡರೆ ಈಗ ದೂರದಿಂದಲೇ ಕಾಯಿಲೆ ಗೊತ್ತಾಗುತ್ತದೆ.

ಇನ್ನೊಂದು ಎಡವಟ್ಟು, ಇಡೀ ಸಾಲನ್ನೇ ಸಣ್ಣಕ್ಷರಕ್ಕೆ ಇಳಿಸುವುದು. ಟೈಪ್, ಸಬ್‌ಟೈಪ್, ಪ್ಯಾರಾಮೀಟರ್‌ಗಳ ಹೆಸರು, ಚಾರ್‌ಸೆಟ್‌ನ ಮೌಲ್ಯ ಇವುಗಳಿಗೆ ದೊಡ್ಡಕ್ಷರ ಸಣ್ಣಕ್ಷರದ ಭೇದವಿಲ್ಲ. ಮಲ್ಟಿಪಾರ್ಟ್‌ನ (ಹಲವು ತುಂಡುಗಳಾಗಿ ಬರುವ ಫಾರ್ಮ್) ಬೌಂಡರಿಗೆ, ಅಂದರೆ ತುಂಡುಗಳನ್ನು ಬೇರ್ಪಡಿಸುವ ಗಡಿಗೆರೆಗೆ, ಇದೆ. ಕ್ರೋಮ್ ಕಳಿಸುವ ಬೌಂಡರಿಯಲ್ಲಿ ಎರಡೂ ಬೆರೆತಿರುತ್ತವೆ. ಅದನ್ನು ಇಳಿಸಿದಿರೋ, ಬಾಡಿಯೊಳಗಿನ ಗಡಿಗೆರೆ ಹೊಂದದೆ ಫಾರ್ಮ್ ಖಾಲಿ ಎನ್ನಿಸುತ್ತದೆ. ಬೌಂಡರಿಯೊಳಗೆ ಸಮ ಚಿಹ್ನೆಯೂ ಬರಬಹುದು, ಹಾಗಾಗಿ ಅಲ್ಲಿ ಕತ್ತರಿಸುವುದಾದರೆ ಮೊದಲ ಸಮ ಚಿಹ್ನೆಗೇ ನಿಲ್ಲಿಸಿ.

ಇಷ್ಟೆಲ್ಲ ಕೈಯಾರೆ ಬರೆಯುವ ಬದಲು ಪೈಥಾನ್‌ನ ಜೊತೆಗೇ ಬರುವುದನ್ನು ಬಳಸಿ. ಹಳೆಯ ಉತ್ತರಗಳಲ್ಲಿ ಸಿಗುವ ಸಿಜಿಐ ಮಾಡ್ಯೂಲ್ 3.13ರಿಂದ ಇಲ್ಲ. ಇಮೇಲ್ ಮಾಡ್ಯೂಲ್‌ನ ಮೆಸೇಜ್ ವಸ್ತುವಿಗೆ ಈ ಹೆಡರ್ ಕೊಟ್ಟರೆ ಉದ್ಧರಣ ಚಿಹ್ನೆಗಳನ್ನು ಬಿಡಿಸಿ ಪ್ಯಾರಾಮೀಟರ್ ಕೊಡುತ್ತದೆ. ಅದಕ್ಕೂ ಒಂದು ಚಾಳಿಯಿದೆ: ಹೆಡರ್ ಕೆಟ್ಟಿದ್ದರೆ ದೋಷ ಎಸೆಯದೆ ಸುಮ್ಮನೆ ಟೆಕ್ಸ್ಟ್/ಪ್ಲೇನ್ ಎಂದುಬಿಡುತ್ತದೆ. ನೀವು ಜೇಸನ್ ಮಾತ್ರ ಒಪ್ಪುವವರಾದ್ದರಿಂದ ಅದಕ್ಕೆ 415 ತಾನಾಗಿ ಹೋಗುತ್ತದೆ. ಟೆಕ್ಸ್ಟ್ ಕೂಡ ಒಪ್ಪುವ ದಿನ ಬಂದರೆ, ಮೂಲ ಸಾಲಿನಲ್ಲಿ ನಿಜಕ್ಕೂ ಹಾಗೆ ಬರೆದಿತ್ತೇ ಎಂದು ನೋಡಿಕೊಳ್ಳಿ.