ಓಲ್ಡ್ಸ್‌ಮೊಬೈಲ್ ಮುಚ್ಚಿತೆಂದು ಅಪ್ಪನ ಕಾರನ್ನು ಮಾರಬೇಡಿ

ಅಪ್ಪ ಮೈಸೂರಿಗೆ ಮರಳುವಾಗ ಬಿಟ್ಟುಹೋದ 1998ರ ಓಲ್ಡ್ಸ್‌ಮೊಬೈಲ್ ಎಯ್ಟಿ ಎಯ್ಟ್ ಕಾರನ್ನು, ಆ ಅಮೆರಿಕನ್ ಬ್ರಾಂಡಿನ ಹೆಸರೇ ಈಗ ಮಾರುಕಟ್ಟೆಯಲ್ಲಿ ಇಲ್ಲದಿರುವುದರಿಂದ, ಬಿಡಿಭಾಗ ಸಿಗದೆ ನಿಂತುಹೋಗುವ ಮೊದಲೇ ಮಾರಿ, ಸಾಲ ಮಾಡಿ ಹೊಸದನ್ನು ಕೊಳ್ಳಲೇ ಎಂದು ಕೇಳಿದ್ದೀರಿ. 2000ದ ಡಿಸೆಂಬರ್‌ನಲ್ಲಿ ಇದೇ ಮಾತನ್ನು ನಾನು ನನ್ನ ಹೆಂಡತಿಯ ಮುಂದೆ ಆಡಿದ್ದೆ, ಆಡಿದಂತೆಯೇ ಮಾಡಿದ್ದೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ತೊಂಬತ್ತರ ದಶಕದ ನಡುವಿನಲ್ಲಿ ನಾನು ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಓದಲು ಬಂದೆ. ಪಕ್ಕದಲ್ಲೇ ಲ್ಯಾನ್ಸಿಂಗ್, ಓಲ್ಡ್ಸ್‌ಮೊಬೈಲ್ ಹುಟ್ಟಿದ ಊರು. 1897ರಲ್ಲಿ ರ‍್ಯಾನ್ಸಮ್ ಓಲ್ಡ್ಸ್ ಅಲ್ಲಿ ಕಂಪನಿ ಶುರು ಮಾಡಿದರು; 1908ರಲ್ಲಿ ಅದು ಜನರಲ್ ಮೋಟರ್ಸ್‌ಗೆ ಸೇರಿತು. ಊರನ್ನು ಹಾಯುವ ಐ-496 ಹೆದ್ದಾರಿಗೆ ಅವರ ಹೆಸರು. ಬೇಸ್‌ಬಾಲ್ ಮೈದಾನದ ಹೆಸರು ಆಗ ಓಲ್ಡ್ಸ್‌ಮೊಬೈಲ್ ಪಾರ್ಕ್ ಎಂದಿತ್ತು. ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವರನ್ನು ಮಾತನಾಡಿಸಿದರೆ, ಅವರದೋ ಅವರ ತಂದೆಯದೋ ಬದುಕು ಆ ಕಾರ್ಖಾನೆಯಲ್ಲಿ ಕಳೆದಿರುತ್ತಿತ್ತು.

ನನ್ನ ಮೊದಲ ಕಾರನ್ನು ಕೊಂಡದ್ದೂ ಅಂಥವರೊಬ್ಬರಿಂದಲೇ. 1991ರ ಓಲ್ಡ್ಸ್‌ಮೊಬೈಲ್ ಕಟ್ಲಸ್ ಸಿಯೆರಾ, ಕಡುಗೆಂಪು ಬಣ್ಣ, 3.3 ಲೀಟರಿನ ವಿ6 ಎಂಜಿನ್. ಮುಂದೆಯೂ ಒಂದೇ ಉದ್ದನೆಯ ಆಸನ, ಗೇರ್ ಕಡ್ಡಿ ಸ್ಟಿಯರಿಂಗ್ ಕಂಬಕ್ಕೆ. ಆರು ಜನ ಕೂರಬಹುದಿತ್ತು. ಸೀಟ್‌ಬೆಲ್ಟ್ ಬಾಗಿಲಿಗೇ ಜೋಡಿಸಿದ್ದು, ಕೂತವರಿಗೆಲ್ಲ ಅದೊಂದು ಸೋಜಿಗ. ಮಾರಿದ ಹಿರಿಯರು ಕಾರ್ಖಾನೆಯಿಂದ ನಿವೃತ್ತರಾದವರು. ಹಣ ಎಣಿಸಿಕೊಂಡ ಮೇಲೂ ನನ್ನನ್ನು ಬಿಡದೆ, ಆಯಿಲ್ ಕಡ್ಡಿ ಎಲ್ಲಿದೆ, ಚಳಿಗಾಲದಲ್ಲಿ ಕಾರಿನ ಹೊಟ್ಟೆಯನ್ನು ಏಕೆ ತೊಳೆಸಬೇಕು, ಬೆಳಿಗ್ಗೆ ಮೊದಲ ಸಲ ಚಾಲೂ ಮಾಡಿದಾಗ ಯಾವ ಸದ್ದನ್ನು ಕಿವಿಗೊಟ್ಟು ಕೇಳಬೇಕು ಎಂಬುದನ್ನೆಲ್ಲ ಹೇಳಿಕೊಟ್ಟರು. ಆ ಅಂಗಳದಲ್ಲಿ ಕಲಿತದ್ದೇ ಕಾರಿನ ಬಗ್ಗೆ ಇಂದಿಗೂ ನನಗೆ ಗೊತ್ತಿರುವುದರ ಅರ್ಧಭಾಗ.

ಆ ಕಾರಿನಲ್ಲಿ ನಾವು ಡೆಟ್ರಾಯಿಟ್ ಕಡೆಯ ಕನ್ನಡ ಕೂಟದ ಯುಗಾದಿಗೆ ಹೋಗುತ್ತಿದ್ದೆವು. ಹಿಂದೆ ಮೂವರು, ಮುಂದೆ ಮೂವರು, ತೊಡೆಯ ಮೇಲೆ ಬಿಸಿಬೇಳೆಭಾತಿನ ಪಾತ್ರೆ. ಹಿಮ ಬಿದ್ದ ರಾತ್ರಿಗಳಲ್ಲಿ ಐ-96ರ ಬದಿಯ ಹಳ್ಳಕ್ಕೆ ಜಾರಿ ನಿಂತ ಕಾರುಗಳನ್ನು ದಾಟಿಕೊಂಡು ಅದು ನಿಧಾನವಾಗಿ ಮನೆ ಮುಟ್ಟಿಸುತ್ತಿತ್ತು. ಹೀಟರ್ ಎಷ್ಟು ಬೇಗ ಬಿಸಿಯಾಗುತ್ತಿತ್ತೆಂದರೆ, ಹೊಸದಾಗಿ ಊರಿನಿಂದ ಬಂದ ಹುಡುಗರು ನಮ್ಮ ಕಾರಿನಲ್ಲೇ ಬರುತ್ತೇವೆ ಎಂದು ಕಾಯುತ್ತಿದ್ದರು. ಮೃದುವಾದ ಕಾರು. ಅವಸರ ಅದರ ಸ್ವಭಾವದಲ್ಲೇ ಇರಲಿಲ್ಲ. ಇಂದಿನ ಕಾರುಗಳಲ್ಲಿ ಕೂತಾಗ ರಸ್ತೆಯ ಒಂದೊಂದು ಬಿರುಕೂ ಬೆನ್ನಿಗೆ ತಿಳಿಯುತ್ತದೆ; ಸಿಯೆರಾದಲ್ಲಿ ತಿಳಿಯುತ್ತಿರಲಿಲ್ಲ.

ಇನ್ನು ನನ್ನ ತಪ್ಪಿನ ವಿಷಯ. ಇದನ್ನು ಬಿಡಿಸಿ ಹೇಳಬೇಕು, ಏಕೆಂದರೆ ನಿಮ್ಮ ಪ್ರಶ್ನೆಯ ಒಳಗೆ ಅದೇ ತಪ್ಪು ಕೂತಿದೆ.

2000ದ ಡಿಸೆಂಬರ್ 12ರಂದು ಜನರಲ್ ಮೋಟರ್ಸ್, ಓಲ್ಡ್ಸ್‌ಮೊಬೈಲ್ ಅನ್ನು ಹಂತಹಂತವಾಗಿ ಮುಚ್ಚುವುದಾಗಿ ಪ್ರಕಟಿಸಿತು. ಆ ದಿನಗಳಲ್ಲೇ ನನ್ನ ಸಿಯೆರಾದ ಬ್ಯಾಟರಿ ದೀಪ ಹೊತ್ತಿಕೊಂಡಿತ್ತು, ಬ್ಯಾಟರಿಗೆ ವಿದ್ಯುತ್ ತುಂಬುವ ಆಲ್ಟರ್ನೇಟರ್ ಕೈಕೊಡುತ್ತಿತ್ತು. ಎರಡೂ ಒಟ್ಟಿಗೆ ಬಂದದ್ದರಿಂದ ನನ್ನ ತಲೆಯಲ್ಲಿ ಎರಡೂ ಒಂದೇ ಆದವು. ಓಲ್ಡ್ಸ್‌ಮೊಬೈಲ್ ಇಲ್ಲವೆಂದರೆ ಓಲ್ಡ್ಸ್‌ಮೊಬೈಲಿನ ಆಲ್ಟರ್ನೇಟರ್ ಇಲ್ಲ, ಇಂದು ಹೇಗೋ ಒಂದು ಸಿಕ್ಕರೂ ಮುಂದಿನ ವರ್ಷ ವಾಟರ್ ಪಂಪ್ ಸಿಗುವುದಿಲ್ಲ, ಆಮೇಲೆ ಈ ಕಾರನ್ನು ಯಾರೂ ಮೂಸಿಯೂ ನೋಡುವುದಿಲ್ಲ ಎಂದು ನಾನೇ ಒಂದರ ಮೇಲೊಂದು ಊಹೆ ಪೇರಿಸಿದೆ. ಕಾರು ಮಾರುವ ಅಂಗಡಿಯವನೊಬ್ಬನು ‘ಈಗಲೇ ಕೊಟ್ಟುಬಿಡಿ, ವಸಂತಕ್ಕೆ ಬೆಲೆಯೇ ಇರುವುದಿಲ್ಲ’ ಎಂದ. ಆಲ್ಟರ್ನೇಟರ್‌ನ ಬೆಲೆ ಎಷ್ಟೆಂದು ಬಿಡಿಭಾಗದ ಅಂಗಡಿಗೆ ಒಂದು ಫೋನ್ ಮಾಡಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಮಾಡಲಿಲ್ಲ. ಇನ್ನೊಬ್ಬ ವಿದ್ಯಾರ್ಥಿಗೆ ಒಂಬೈನೂರು ಡಾಲರಿಗೆ ಕೊಟ್ಟು, ಐದು ವರ್ಷದ ಸಾಲದಲ್ಲಿ ಹೊಸ ಕಾರು ತಂದೆ.

ಪ್ರಕಟಣೆಯಲ್ಲಿ ಇದ್ದದ್ದನ್ನಾದರೂ ಪೂರ್ತಿ ಓದಬೇಕಿತ್ತು. ಕಾರ್ಖಾನೆ ಮರುದಿನ ಬೀಗ ಹಾಕಲಿಲ್ಲ. ಕೊನೆಯ ಓಲ್ಡ್ಸ್‌ಮೊಬೈಲ್, ಅಲೆರೋ ಎಂಬ ಮಾದರಿಯ ಒಂದು ಕಾರು, ಲ್ಯಾನ್ಸಿಂಗಿನಲ್ಲಿ ಹೊರಬಂದದ್ದು 2004ರ ಏಪ್ರಿಲ್ 29ರಂದು, ಮೂರು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ. ಅದಕ್ಕಿಂತ ಮುಖ್ಯವಾದದ್ದು ಬೇರೆ ಇದೆ. ಹೋದದ್ದು ಒಂದು ಹೆಸರು ಮಾತ್ರ. ನನ್ನ ಸಿಯೆರಾದ ತಳಪಾಯ ಮತ್ತು ಯಂತ್ರಭಾಗಗಳ ಮೇಲೆಯೇ ಜನರಲ್ ಮೋಟರ್ಸ್‌ನ ಇನ್ನೊಂದು ಬ್ರಾಂಡಾದ ಬ್ಯೂಕ್‌ನ ಸೆಂಚುರಿ ಕಾರೂ ನಿಂತಿತ್ತು, ಆ 3.3 ಲೀಟರಿನ ಎಂಜಿನ್ ಮೂಲತಃ ಬ್ಯೂಕ್‌ನದೇ ವಿನ್ಯಾಸ. ಜನರಲ್ ಮೋಟರ್ಸ್‌ನ ಒಂದೇ ಮನೆಯಲ್ಲಿ ಅಕ್ಕತಂಗಿಯರು ಒಂದೇ ಬಟ್ಟೆಯ ಥಾನಿನಿಂದ ಲಂಗ ಹೊಲಿಸಿಕೊಂಡಂತೆ ಈ ಕಾರುಗಳು ಬಂದಿದ್ದವು.

ಇದು ನನಗೆ ತಿಳಿದದ್ದು ಹೇಗೆಂದರೆ, ಕಾರು ಕೊಂಡ ಆ ಹುಡುಗ ಕೆಲವು ತಿಂಗಳ ನಂತರ ಫೋನ್ ಮಾಡಿ, ಟ್ರಾನ್ಸ್‌ಮಿಷನ್ ಆಯಿಲ್ ಕೊನೆಯದಾಗಿ ಯಾವಾಗ ಬದಲಾಯಿಸಿದ್ದಿರಿ ಎಂದು ವಿಚಾರಿಸಿದ. ಆಲ್ಟರ್ನೇಟರ್ ಏನಾಯಿತು ಎಂದು ನಾನು ಕೇಳಿದೆ. ಗುಜರಿ ಅಂಗಳದಲ್ಲಿ ಬಿದ್ದಿದ್ದ ಸೆಂಚುರಿಯಿಂದ ತಾನೇ ಬಿಚ್ಚಿ ತಂದು, ಒಂದು ಮಧ್ಯಾಹ್ನದಲ್ಲಿ ಹಾಕಿಕೊಂಡೆ ಎಂದ. ಅವನು ಅದನ್ನು ಪದವಿ ಮುಗಿಯುವವರೆಗೂ ಓಡಿಸಿದ.

ನನ್ನ ಪಾಡು ಬೇರೆಯಾಗಿತ್ತು. ಸಾಲವಿದ್ದ ಕಾರಿಗೆ ಬ್ಯಾಂಕು ಪೂರ್ಣ ವಿಮೆ ಕೇಳುತ್ತದೆ, ಮತ್ತು ಮಿಷಿಗನ್‌ನ ಕಾರು ವಿಮೆ ದೇಶದಲ್ಲೇ ದುಬಾರಿ ಎಂದು ಹೆಸರಾದದ್ದು. ಸಿಯೆರಾಕ್ಕೆ ಕಟ್ಟುತ್ತಿದ್ದುದರ ಎರಡರಷ್ಟಕ್ಕೂ ಹೆಚ್ಚು ವಿಮೆಗೇ ಹೋಗತೊಡಗಿತು. 2001ರ ಶರತ್ಕಾಲದಲ್ಲಿ ನನ್ನ ಕೆಲಸ ಹೋಯಿತು. ಕಾರನ್ನು ಮಾರಿ ಸಾಲ ತೀರಿಸೋಣವೆಂದರೆ ಅದರ ಬೆಲೆ ಸಾಲಕ್ಕಿಂತ ಕೆಳಗಿಳಿದಿತ್ತು. ಮಾರಲು ನಾನೇ ಕೈಯಿಂದ ಹಣ ಹಾಕಬೇಕು. ತಂಗಿಯ ಮದುವೆಗೆಂದು ಎತ್ತಿಟ್ಟಿದ್ದ ಹಣದಿಂದ ಕಂತು ಕಟ್ಟಿದೆ. ಊರಿನಲ್ಲಿ ಅಪ್ಪ ಆ ಕೊರತೆಯನ್ನು ಅಡಿಕೆ ಮಂಡಿಯಲ್ಲಿ ಸಾಲ ತಂದು ತುಂಬಿಸಿದರು. ಆ ವರ್ಷ ನೆನೆದರೆ ಈಗಲೂ ನೋವಾಗುತ್ತದೆ. ಒಂದು ಆಲ್ಟರ್ನೇಟರ್‌ಗೆ ಹೆದರಿ ಕೊಂಡ ಕಷ್ಟ ಅದು.

ನನಗೆ ಗೊತ್ತಿರಬೇಕಿತ್ತು ಎಂಬುದೇ ಇನ್ನೊಂದು ನೋವು. ನಾನು ತೀರ್ಥಹಳ್ಳಿಯ ಕಡೆಯವನು. ನನ್ನ ಬಾಲ್ಯದಲ್ಲಿ ನಮ್ಮ ಊರಿನ ಸಾಹುಕಾರರ ಮನೆಯಲ್ಲಿ ಒಂದು ಡಿಸೋಟೊ ಕಾರು ಇತ್ತು. ಮುಂಬಯಿಯ ಪ್ರೀಮಿಯರ್ ಕಾರ್ಖಾನೆ ಒಂದು ಕಾಲಕ್ಕೆ ಡಾಡ್ಜ್, ಪ್ಲಿಮತ್, ಡಿಸೋಟೊಗಳನ್ನು ಜೋಡಿಸುತ್ತಿತ್ತು. ಅಮೆರಿಕದಲ್ಲಿ ಅದರ ಮೂಲ ಕಂಪನಿ ಕ್ರೈಸ್ಲರ್ 1960ರಲ್ಲೇ ಡಿಸೋಟೊ ಹೆಸರನ್ನು ನಿಲ್ಲಿಸಿತ್ತು. ಆ ಸುದ್ದಿ ನಮ್ಮ ಘಟ್ಟಕ್ಕೆ ಯಾವತ್ತೂ ಹತ್ತಲಿಲ್ಲ. ಶಿವಮೊಗ್ಗದ ಲೇತ್ ಅಂಗಡಿಯಲ್ಲಿ ಬುಷ್ ಕಡೆಸಿಕೊಂಡು, ಬೇರೆ ಗಾಡಿಯ ರಬ್ಬರು ಕೂರಿಸಿಕೊಂಡು, ಆಗುಂಬೆಯ ಮಳೆಯಲ್ಲಿ ಅದು ಮದುವೆ ದಿಬ್ಬಣಗಳಿಗೆ ಹೋಗಿಬರುತ್ತಿತ್ತು. ಅದನ್ನು ಕಣ್ಣಾರೆ ನೋಡಿ ಬೆಳೆದ ನಾನು, ಆಲ್ಟರ್ನೇಟರ್ ಗುಜರಿಯಲ್ಲಿ ಸಿಗುವ ದೇಶದಲ್ಲಿ ಕೂತು ಹೆದರಿದೆ.

2004ರಲ್ಲಿ, ಕೊನೆಯ ಅಲೆರೋ ಹೊರಬಂದ ಕೆಲವೇ ತಿಂಗಳಲ್ಲಿ, ನಾನು ನಿಮ್ಮ ಅಪ್ಪನದೇ ಮಾದರಿಯ 1998ರ ಎಯ್ಟಿ ಎಯ್ಟ್ ಕೊಂಡೆ. ಸತ್ತ ಬ್ರಾಂಡ್ ಎಂದು ಎಲ್ಲರೂ ಬೆಲೆ ಇಳಿಸಿದ್ದರು. ಅದೇ ವಯಸ್ಸಿನ ಬ್ಯೂಕ್ ಲಸೇಬರ್‌ಗೆ ಕೇಳುತ್ತಿದ್ದುದಕ್ಕಿಂತ ಬಹಳ ಕಡಿಮೆಗೆ ಸಿಕ್ಕಿತು. ಬಾನೆಟ್ ಕೆಳಗೆ ಎರಡರಲ್ಲೂ ಅದೇ 3.8 ಲೀಟರಿನ ವಿ6, ಜನರು 3800 ಎಂದು ಕರೆಯುವ ಎಂಜಿನ್, 205 ಅಶ್ವಶಕ್ತಿ. ಜನರಲ್ ಮೋಟರ್ಸ್‌ನದೇ ಆದ ಪಾಂಟಿಯಾಕ್ ಬಾನ್‌ವಿಲ್‌ ಕಾರಿನಲ್ಲೂ ಅದೇ. ಜನರಲ್ ಮೋಟರ್ಸ್ ಮಾಡಿದ ಅತ್ಯುತ್ತಮ ಎಂಜಿನ್ ಯಾವುದೆಂದು ಕೇಳಿದರೆ ನಾನು ಎರಡನೆಯ ಯೋಚನೆ ಇಲ್ಲದೆ ಇದನ್ನೇ ಹೇಳುತ್ತೇನೆ. ಅಷ್ಟು ದೊಡ್ಡ ಕಾರು ಹೆದ್ದಾರಿಯಲ್ಲಿ ಗ್ಯಾಲನ್‌ಗೆ 28 ಮೈಲಿ ಕೊಡುತ್ತಿತ್ತು. ನನ್ನ ಮಗಳು ಡ್ರೈವಿಂಗ್ ಕಲಿತದ್ದು ಅದರಲ್ಲಿ. ನನ್ನ ಅಮ್ಮ ಬಂದಾಗ ಅದರ ಮುಂದಿನ ಆಸನದಲ್ಲಿ ಕಾಲು ಮಡಚಿ ಕೂತು ಮ್ಯಾಕಿನಾ ಸೇತುವೆ ದಾಟಿದರು. ಎಂಜಿನ್ ಎಂದೂ ಸೋಲಲಿಲ್ಲ. ಕೊನೆಗೆ ಆ ಕಾರನ್ನು ತಿಂದದ್ದು ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪು: ಮೊದಲು ಬ್ರೇಕ್ ಪೈಪು ಒಡೆಯಿತು, ಅದನ್ನು ಬದಲಾಯಿಸಿದೆ, ಆಮೇಲೆ ಅಡಿಯ ಚೌಕಟ್ಟೇ ತುಕ್ಕು ಹಿಡಿದು ಪುಡಿಯಾಯಿತು.

ಹಾಗಾಗಿ ನಿಮ್ಮ ಪ್ರಶ್ನೆ ತಪ್ಪು ದಿಕ್ಕಿಗೆ ಮುಖ ಮಾಡಿದೆ. ಹೆಸರು ಇದೆಯೋ ಇಲ್ಲವೋ ಎಂಬುದನ್ನು ಬಿಟ್ಟು, ಕಾರಿನ ಕೆಳಗೆ ಏನಿದೆ ಎಂದು ನೋಡಿ. ಲಿಫ್ಟ್ ಮೇಲೆ ಎತ್ತಿಸಿ, ಬ್ರೇಕ್ ಪೈಪುಗಳು, ಬಾಗಿಲ ಕೆಳಗಿನ ಪಟ್ಟಿ, ಎಂಜಿನ್ ಕೂತಿರುವ ಚೌಕಟ್ಟು ಇವನ್ನು ಒಬ್ಬ ಒಳ್ಳೆಯ ಮೆಕ್ಯಾನಿಕ್ ಸುತ್ತಿಗೆಯಿಂದ ತಟ್ಟಿ ನೋಡಲಿ. ಅದು ಗಟ್ಟಿಯಾಗಿದ್ದರೆ ಇಟ್ಟುಕೊಳ್ಳಿ. ಪುಡಿಯಾಗುತ್ತಿದ್ದರೆ ನಾಳೆಯೇ ಬಿಡಿ, ಅಂಥದ್ದರಲ್ಲಿ ಮನೆಯವರನ್ನು ಕೂರಿಸಬಾರದು. ಮಧ್ಯದ ದಾರಿ ಇದರಲ್ಲಿ ಇಲ್ಲ.

ಇಟ್ಟುಕೊಂಡರೆ, ಈ ಎಂಜಿನ್‌ಗೆ ಎರಡು ದೌರ್ಬಲ್ಯಗಳಿವೆ. ಬೆಲ್ಟ್ ಬಿಗಿಗೊಳಿಸುವ ಭಾಗದ ಹತ್ತಿರ ಕೂಲೆಂಟ್, ಅಂದರೆ ಎಂಜಿನ್ ತಣ್ಣಗಿಡುವ ದ್ರವ, ಹರಿಯುವ ಮೊಣಕೈಯಂತೆ ಬಾಗಿದ ಪ್ಲಾಸ್ಟಿಕ್ ಕೊಳವೆಗಳು ವಯಸ್ಸಾದಂತೆ ಪುಡಿಯಾಗುತ್ತವೆ. ಕೆಲವೇ ಡಾಲರಿನ ಭಾಗ, ಒಡೆಯುವ ಮೊದಲೇ ಬದಲಾಯಿಸಿ. ಎಂಜಿನ್‌ಗೆ ಗಾಳಿ ಒಯ್ಯುವ ಮೇಲಿನ ಪ್ಲಾಸ್ಟಿಕ್ ಇನ್‌ಟೇಕ್ ಮ್ಯಾನಿಫೋಲ್ಡ್ ಕೂಡ ಬಿಸಿಗೆ ಸವೆಯುತ್ತದೆ, ಅದಕ್ಕೆ ಸುಧಾರಿಸಿದ ಬದಲಿ ಸಿಗುತ್ತದೆ. ಬಿಡಿಭಾಗ ಕೇಳುವಾಗ ಓಲ್ಡ್ಸ್‌ಮೊಬೈಲ್ ಎನ್ನಬೇಡಿ, 1998ರ ಲಸೇಬರ್ ಎಂದು ಕೇಳಿ. ನಿಜವಾಗಿ ಸಿಗದಿರುವುದು ಓಲ್ಡ್ಸ್‌ಮೊಬೈಲ್‌ಗೆ ಮಾತ್ರ ಸೇರಿದ ಮೈಭಾಗಗಳು, ಅದರಲ್ಲೂ ದೀಪದ ಗಾಜುಗಳು. ಗುಜರಿಯಲ್ಲಿ ಒಂದು ಜೊತೆ ಕಂಡರೆ ಬೇಕಿಲ್ಲದಿದ್ದರೂ ಕೊಂಡು ಮನೆಯಲ್ಲಿಡಿ.

ಒಂದು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. 1988ರಲ್ಲಿ ಓಲ್ಡ್ಸ್‌ಮೊಬೈಲ್, ಇದು ನಿಮ್ಮ ಅಪ್ಪನ ಓಲ್ಡ್ಸ್‌ಮೊಬೈಲ್ ಅಲ್ಲ ಎಂದು ದೊಡ್ಡದಾಗಿ ಜಾಹೀರಾತು ಮಾಡಿತು. ಎಂಬತ್ತರ ದಶಕದ ನಡುವಿನಲ್ಲಿ ವರ್ಷಕ್ಕೆ ಹತ್ತು ಲಕ್ಷ ಕಾರು ಮಾರುತ್ತಿದ್ದ ಬ್ರಾಂಡ್ ಅದು. 1976ರಲ್ಲಿ ಕಟ್ಲಸ್ ಅಮೆರಿಕದಲ್ಲೇ ಅತಿ ಹೆಚ್ಚು ಮಾರಾಟವಾದ ಕಾರು. 2000ದ ಹೊತ್ತಿಗೆ ಮಾರಾಟ ಮೂರು ಲಕ್ಷಕ್ಕಿಂತ ಕೆಳಗಿತ್ತು. ಮುಳುಗಲು ಬೇರೆ ಕಾರಣಗಳೂ ಇದ್ದವು, ಡೀಸೆಲ್ ಎಂಜಿನ್‌ಗಳು ಕೆಡಿಸಿದ ಹೆಸರು, ಒಂದನ್ನೊಂದು ಹೋಲುವ ಮಾದರಿಗಳು. ಆದರೆ ಆ ಜಾಹೀರಾತನ್ನು ನಾನು ಕ್ಷಮಿಸಿಲ್ಲ. ಕಾರನ್ನು ಪೂರ್ತಿ ದುಡಿಸಿ, ಒಪ್ಪವಾಗಿಟ್ಟು, ಮುಂದಿನವರ ಕೈಗೆ ಕೊಡುತ್ತಿದ್ದ ಅಪ್ಪಂದಿರೇ ಅದರ ಬಲವಾಗಿದ್ದರು. ನನಗೆ ಸಿಯೆರಾ ಮಾರಿದ ಹಿರಿಯರು ಅಂಥವರು. ನಿಮ್ಮ ಅಪ್ಪನೂ ಅಂಥವರೇ ಇರಬೇಕು. ಅವರಿಗೆ ಫೋನ್ ಮಾಡಿ, ಆಯಿಲ್ ಬದಲಾವಣೆಯ ರಸೀದಿಗಳನ್ನು ಎಲ್ಲಿಟ್ಟಿದ್ದಾರೆಂದು ಕೇಳಿ. ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಕಟ್ಟು ಹಾಕಿಟ್ಟಿರುತ್ತಾರೆ. ಅದರ ಜೊತೆಗೆ ಚೌಕಟ್ಟಿನ ಬಗ್ಗೆ ಮೆಕ್ಯಾನಿಕ್ ಏನು ಹೇಳಿದರೆಂಬುದನ್ನೂ ಬರೆಯಿರಿ. ಯಾವುದನ್ನು ಮೊದಲು ಸರಿಪಡಿಸಬೇಕೆಂದು ಹೇಳುತ್ತೇನೆ.